ಹೆಪ್ಪಿನ ನೀರು

ಕಾಶವ್ವನ ಬಲಗಾಲಿನ ಮೇಲೆ ಪ್ರತಿ ಸೋಮವಾರ ನಾನು ಒಂದು ನೀಲಿ ಗೆರೆ ಎಳೆಯುತ್ತಿದ್ದೆ. ಕೈಯಲ್ಲೊಂದು ಗಟ್ಟಿ ನೈಲಾನ್ ಎಳೆ. ಅದರಿಂದ ಹಿಮ್ಮಡಿಯ ಕಡೆಯಿಂದ ಬೆರಳಿನ ಕಡೆಗೆ ಮಿಲಿಮೀಟರಿಗೊಂದು ಚುಕ್ಕೆಯಂತೆ ಒತ್ತುತ್ತ ಹೋಗಬೇಕು. ಕಣ್ಣು ಮುಚ್ಚಿ ಕೂತ ಕಾಶವ್ವ ಮುಟ್ಟಿದ್ದು ಗೊತ್ತಾದಾಗೆಲ್ಲ "ಹೂಂ" ಅನ್ನುತ್ತಾಳೆ. ಎಲ್ಲಿ ಹೂಂ ನಿಲ್ಲುತ್ತದೋ ಅಲ್ಲಿ ಗೆರೆ. ಗೆರೆಯ ಹಿಂದಿನದು ಅವಳ ಕಾಲು. ಮುಂದಿನದು ಅವಳಿಗೆ ಅಂಟಿಕೊಂಡ ಒಂದು ವಸ್ತು, ಅಷ್ಟೆ.

ಕಾಶವ್ವ ಧಾರವಾಡದಲ್ಲಿ ನಾನಿದ್ದ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡುಗೆಯವಳು. ಏಳು ವರ್ಷ ಅವಳು ಬಡಿದ ರೊಟ್ಟಿ ತಿಂದು ಓದಿದ್ದೇನೆ. ಸಕ್ಕರೆ ಕಾಯಿಲೆ ಅವಳಿಗೆ ಬಹಳ ಹಳೆಯದು. ಒಮ್ಮೆ ಗಂಜಿ ಬಸಿಯುವಾಗ ಕುದಿಯುವ ನೀರು ಪಾದದ ಮೇಲೆ ಬಿತ್ತು. ಅವಳು ಅದೇ ಕಾಲ ಮೇಲೆ ನಿಂತು ಇನ್ನೂ ನಲವತ್ತು ರೊಟ್ಟಿ ಬಡಿದಳು. ಚರ್ಮ ಸುಲಿದದ್ದನ್ನು ಮೊದಲು ಕಂಡವರು ತಟ್ಟೆ ಹಿಡಿದು ಬಂದ ಹುಡುಗಿಯರು. ಸುಟ್ಟದ್ದರಲ್ಲಿ ಕಿರುಬೆರಳಿನ ಬುಡದ ಗಾಯ ಎರಡು ವರ್ಷವಾದರೂ ಮಾಯಲಿಲ್ಲ. ನೋಯದ ಗಾಯವನ್ನು ಯಾರೂ ಜೋಪಾನ ಮಾಡುವುದಿಲ್ಲ, ಅವಳೂ ಮಾಡಲಿಲ್ಲ.

ಕಾಲ್ಬೆರಳಿನ ತುದಿಗೆ ಮುಟ್ಟಿದ್ದನ್ನು ಬೆನ್ನುಹುರಿಗೆ ತಲುಪಿಸುವುದು ಒಂದೇ ಒಂದು ಜೀವಕೋಶ. ಅದರ ಒಡಲು ಸೊಂಟದ ಹತ್ತಿರ, ತುದಿ ಬೆರಳಿನಲ್ಲಿ. ನಡುವೆ ಸುಮಾರು ಒಂದು ಮೀಟರ್ ಉದ್ದದ ಎಳೆ. ಇದನ್ನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡು ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ಇನ್ನೊಂದು ಪುಸ್ತಕ ತೆಗೆದು ನೋಡಿದ್ದೆ. ತಪ್ಪಲ್ಲ. ಸಕ್ಕರೆ ಏರಿದ ರಕ್ತದಲ್ಲಿ ಮೊದಲು ಸಾಯುವುದು ಈ ಉದ್ದನೆಯ ಎಳೆಗಳ ತುದಿ. ಒಡಲಿನಿಂದ ಅಷ್ಟು ದೂರಕ್ಕೆ ಆಹಾರ ಮುಟ್ಟುವುದಿಲ್ಲ.

ಸಾಯುತ್ತಿರುವ ಆ ತುದಿಯನ್ನು ಮತ್ತೆ ಬೆಳೆಸಬಹುದೇ? ಇದು ನಮ್ಮ ಲ್ಯಾಬಿನ ಮುಖ್ಯಸ್ಥೆ ಇಂದುಮತಿ ಕರಜಗಿ ಮೇಡಂ ಹಿಡಿದಿದ್ದ ಪ್ರಶ್ನೆ. ಅದಕ್ಕೆ ಅವರು ಆರಿಸಿಕೊಂಡದ್ದು ತಂಗಡಿ, ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ, ದನ ಕೂಡ ಮೂಸದ ಗಿಡ. ಅದರ ತೊಗಟೆಯ ತುಂಬ ಪಾಲಿಫಿನಾಲ್. ನಾಲಿಗೆಗೆ ಮುಟ್ಟಿಸಿದರೆ ಬಾಯೆಲ್ಲ ಒಗರಾಗಿ ಹಿಡಿದುಕೊಳ್ಳುವುದು ಅದೇ; ಎಂಜಲಿನ ಪ್ರೊಟೀನನ್ನು ಅದು ಗಬಕ್ಕನೆ ಕಟ್ಟಿಹಾಕುತ್ತದೆ. ಕೊಳೆಯುವ ತೊಗಲನ್ನು ಕೊಳೆಯದ ಚರ್ಮ ಮಾಡುವುದೂ ಅದೇ.

"ಮಾಲನ, ನಿಮ್ಮ ಅಥಣಿ ಕಡೆ ತಂಗಡಿ ಭಾಳ ಬೆಳೀತದಲ್ಲ? ಊರಿಗೆ ಹೋದಾಗ ಒಂದೈದು ಲೀಟರ್ ತೊಗಟಿ ರಸ ತಗೊಂಡು ಬಾ" ಅಂದಿದ್ದರು ಮೇಡಂ.

ತಂದುಕೊಟ್ಟೆ. ನನ್ನ ಅಪ್ಪ ಮಹಾದೇವ ತೊಗಲು ಹದ ಮಾಡುವವನು. ಮನೆಯ ಹಿಂದೆ ಎದೆಮಟ್ಟದ ಆಳದ ಕುಣಿ. ಅದರಲ್ಲಿ ತಂಗಡಿ ತೊಗಟೆಯ ಕೆಂಪು ನೀರು, ನೀರಿನಲ್ಲಿ ತೊಗಲು. ಹೊಸ ತೊಗಟೆ ಕುಟ್ಟಿ ನೆನೆಸಲು ಎರಡು ದಿನ ಬೇಕು, ನನ್ನ ಬಸ್ಸಿಗೆ ಅರ್ಧ ಗಂಟೆ ಉಳಿದಿತ್ತು. ಕ್ಯಾನನ್ನು ಕುಣಿಯಲ್ಲಿ ಅದ್ದಿ ತುಂಬಿಕೊಂಡೆ. ಪ್ರಯೋಗದ ಪುಸ್ತಕದಲ್ಲಿ ಬರೆದೆ: "ತಂಗಡಿ ತೊಗಟೆ, ನೀರಿನಲ್ಲಿ ನೆನೆಸಿದ್ದು, ಐದು ಲೀಟರ್."

ಲ್ಯಾಬಿನಲ್ಲಿ ಎಲ್ಲರ ಮಟ್ಟಿಗೆ ನನ್ನ ಅಪ್ಪನದು ಚಪ್ಪಲಿ ಅಂಗಡಿ. ಹಾಸ್ಟೆಲ್ಲಿಗೆ ಸೇರಿದ ಮೊದಲ ವಾರ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು ತನ್ನ ಹಾಸಿಗೆಯನ್ನು ಬೇರೆ ಕೋಣೆಗೆ ಎಳೆದುಕೊಂಡು ಹೋಗಿದ್ದಳು. ಇದೇ ಕಾಶವ್ವ ನನಗೆ, "ಎರಡ ಸಲ ಕೈ ತೊಳ್ಕೊಂಡ ಬಂದು ರೊಟ್ಟಿ ಬುಟ್ಟಿ ಮುಟ್ಟು" ಅಂದಿದ್ದಳು. ಆಮೇಲೆ ಕುಣಿ ಎಂಬ ಮಾತನ್ನು ನಾನು ಧಾರವಾಡದಲ್ಲಿ ಆಡಲೇ ಇಲ್ಲ.

ಕ್ಯಾನಿನ ನೀರನ್ನು ನಾಲ್ಕು ಸಲ ಸೋಸಿ, ಕ್ರಿಮಿಗಳಿಲ್ಲವೆಂದು ಪರೀಕ್ಷಿಸಿ, ಮುಲಾಮು ಮಾಡಿದೆವು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೊದಲ ರೋಗಿ ಕಾಶವ್ವ. ಎರಡನೆಯ ಸೋಮವಾರ ಗೆರೆ ಏಳು ಮಿಲಿಮೀಟರ್ ಮುಂದೆ ಬಂತು. ಮೂರನೆಯ ಸೋಮವಾರ ಮತ್ತೆ ಏಳು. ನಾನು ಅಳತೆಪಟ್ಟಿ ಬದಲಿಸಿ ನೋಡಿದೆ. ದಿನಕ್ಕೊಂದು ಮಿಲಿಮೀಟರ್.

ಐದನೆಯ ವಾರ ಮೇಡಂ ಕಾಶವ್ವನ ಪಾದವನ್ನು ಹೊಸ ಸೂಕ್ಷ್ಮದರ್ಶಕದ ಗಾಜಿನ ಮೇಲೆ ಇಡಿಸಿದರು. ಕೊಯ್ಯದೆ, ಚುಚ್ಚದೆ, ಚರ್ಮದೊಳಗಿನ ನರವನ್ನು ಅದು ಪರದೆಯ ಮೇಲೆ ತೋರಿಸುತ್ತದೆ. ಮೊದಲು ಬರೀ ಕತ್ತಲೆ ಕಂಡಿತು. ಆಮೇಲೆ ಒಂದು ಬಿಳಿ ಎಳೆ. ಅದರ ತುದಿ ಮೊಳಕೆಯ ಬೇರಿನಂತೆ ಕವಲೊಡೆದಿತ್ತು. ಒಂದು ಕವಲು ಎಡಕ್ಕೆ ಚಾಚಿತು, ಏನೋ ತಡೆದು ಹಿಂದೆ ಸರಿಯಿತು. ಇನ್ನೊಂದು ಬಲಕ್ಕೆ ಚಾಚಿ ಅಲ್ಲಿ ದಾರಿ ಕಂಡಂತೆ ಮುಂದೆ ಹೋಯಿತು. ಗಂಟೆಗಟ್ಟಲೆಯ ಚಲನೆಯನ್ನು ಯಂತ್ರ ಒಂದು ನಿಮಿಷಕ್ಕೆ ಕುಗ್ಗಿಸಿ ತೋರಿಸುತ್ತಿತ್ತು. ಇಪ್ಪತ್ತಾರು ವರ್ಷ ನರಗಳನ್ನೇ ಓದಿದ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅದು ನಂದ?" ಅಂದಳು ಕಾಶವ್ವ.

"ನಿಮ್ಮದ" ಅಂದರು ಮೇಡಂ.

"ಕತ್ತಲಾಗ ಚಪ್ಪಲಿ ಹುಡಿಕ್ಯಾಡಿದಾಂಗ ಹುಡಿಕ್ಯಾಡಾಕತ್ತೈತಲ್ಲ!"

ಹತ್ತು ವಾರದಲ್ಲಿ ಗೆರೆ ಗಾಯದ ಅಂಚಿಗೆ ಎಂಟು ಮಿಲಿಮೀಟರ್ ದೂರಕ್ಕೆ ಬಂತು. ಅಲ್ಲಿಗೆ ಕ್ಯಾನು ಖಾಲಿಯಾಯಿತು.

ಆ ಹೊತ್ತಿಗೆ ನಾವು ತೊಗಟೆಯನ್ನು ಮೂಟೆಗಟ್ಟಲೆ ತರಿಸಿ, ಸ್ಟೀಲಿನ ಪಾತ್ರೆಗಳಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ ರಸ ತೆಗೆಯುವ ವ್ಯವಸ್ಥೆ ಮಾಡಿಕೊಂಡಿದ್ದೆವು. ಹೊಸ ಮುಲಾಮು ಹಳೆಯದರಂತೆ ಕಂದಾಗಿರದೆ ತಿಳಿಯಾಗಿತ್ತು, ವಾಸನೆಯೂ ಇರಲಿಲ್ಲ. ಮೊದಲ ಸೋಮವಾರ ಗೆರೆ ಇದ್ದಲ್ಲೇ ಇತ್ತು. ಎರಡನೆಯ ಸೋಮವಾರವೂ ಅಲ್ಲೇ ಇತ್ತು. ಅಷ್ಟರಲ್ಲಿ ಗಾಯದ ಕೀವು ಎಲುಬಿನ ಸಮೀಪ ಇಳಿಯಿತು.

ಶಸ್ತ್ರಚಿಕಿತ್ಸೆಯ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಹದಿನೈದು ದಿನ ನೋಡ್ತೀನಿ. ಗಾಯದ ಅಂಚಿಗೆ ಜೀವ ಬಂತು ಅಂದ್ರ ಕೆಟ್ಟದ್ದಷ್ಟ ಕೆರೆದು ಹೊಲೀತೀನಿ. ಇಲ್ಲಂದ್ರ ಮೊಣಕಾಲ ಕೆಳಗ ತಗೀಬೇಕು."

"ಕಾಲ ತಗದ್ರ ಒಲಿ ಮುಂದ ಹ್ಯಾಂಗ ನಿಲ್ಲಲಿ?" ಕಾಶವ್ವ ಅವರನ್ನು ಬಿಟ್ಟು ನನ್ನನ್ನು ಕೇಳಿದಳು. "ಕುಂತ ಬಡದ್ರ ನೂರಾ ಐವತ್ತ ಹುಡಿಗ್ಯಾರಿಗೆ ರೊಟ್ಟಿ ಯಾವಾಗ ಮುಗೀತಾವು?"

ಮೇಡಂ ಎರಡು ನಕ್ಷೆಗಳನ್ನು ಮೇಜಿನ ಮೇಲೆ ಹರಡಿದರು. ರಸದಲ್ಲಿರುವ ಒಂದೊಂದು ವಸ್ತುವಿಗೂ ನಕ್ಷೆಯಲ್ಲಿ ಒಂದೊಂದು ಗುಡ್ಡ.

"ಏಳನೇದು ನೋಡು. ಹಳೇ ಕ್ಯಾನಿನಾಗ ಸಣ್ಣದೊಂದು ಗುಡ್ಡ ಅದ. ಕಲ್ಮಶ ಅಂತ ನಾನ ಬರದೀನಿ. ಹೊಸದರಾಗ ಅದು ಇಲ್ಲ." ಅವರು ಬೆರಳನ್ನು ಅಲ್ಲೇ ಇಟ್ಟುಕೊಂಡು ಕೇಳಿದರು. "ತೊಗಟಿಯ ಪಾಲಿಫಿನಾಲ್ ದೊಡ್ಡ ಅಣು, ಚರ್ಮದೊಳಗ ಇಳಿಯೂದೇ ಕಷ್ಟ. ಇದು ಅದರದ ತುಂಡು, ಸಣ್ಣದು. ಕೆಲಸ ಮಾಡಿದ್ದು ಇದ. ಆದ್ರ ಒಡದವರು ಯಾರು? ಆ ಕ್ಯಾನಿನಾಗ ಏನಿತ್ತು, ಮಾಲನ?"

"ತೊಗಟಿ ನೀರು, ಮೇಡಂ."

"ಬರೇ ತೊಗಟಿ?"

"ಹೂಂ" ಅಂದೆ. ಕಾಶವ್ವನ ಹೂಂ ಯಾವತ್ತೂ ಸುಳ್ಳಾಗಿರಲಿಲ್ಲ. ನನ್ನದು ಆಯಿತು.

ಮರುದಿನ ಬೆಳಗಿನ ಮೊದಲ ಬಸ್ಸು ಹಿಡಿದು ಊರಿಗೆ ಹೋದೆ. ಇನ್ನೊಂದು ಕ್ಯಾನು ತುಂಬಿಕೊಂಡು ಬಂದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬುದು ನನ್ನ ಲೆಕ್ಕಾಚಾರ. ಹಿತ್ತಲಿಗೆ ಹೋಗಿ ನೋಡಿದರೆ ಕುಣಿ ಇಲ್ಲ. ನುಣ್ಣನೆಯ ಕಲ್ಲಿನ ಫರಸಿ ಹಾಸಿತ್ತು. ಅದರ ಮೇಲೆ ಅಪ್ಪ ಕೂತು ಚಪ್ಪಲಿಯ ಅಟ್ಟೆ ಹೊಲಿಯುತ್ತಿದ್ದ.

"ಹೆಂಗೈತಿ?" ಅಂದ, ಮುಖವೆಲ್ಲ ನಗೆ. "ಎಂಟ ದಿನಾತು ಮುಚ್ಚಿಸಿ. ಮುಚ್ಚು ಮುಚ್ಚು ಅಂತ ಆರ ವರ್ಷದಿಂದ ಬಡಕೊಳ್ಳಾಕತ್ತಿದ್ಯಲ್ಲ? ಈಗ ನಿಮ್ಮ ಮೇಡಂನ ಕರ್ಕೊಂಡ ಬಾ. ಇಲ್ಲೇ ಖುರ್ಚಿ ಹಾಕೂಣು."

"ನೀರು?"

"ನೀರ ನೆಲಾ ಕುಡೀತು. ಯಾಕ?"

ನಾನು ಅವನ ಎದುರು ಕೂತೆ. ಆಗ ಅವನ ಹಿಮ್ಮಡಿ ಕಾಣಿಸಿತು. ಅಟ್ಟೆಗೆ ಬಡಿಯುವ ಸಣ್ಣ ಮೊಳೆಯೊಂದು ತಲೆಯವರೆಗೂ ಹೊಕ್ಕಿತ್ತು. ಅಪ್ಪನಿಗೆ ಹದಿನೇಳು ವರ್ಷದಿಂದ ಸಕ್ಕರೆ ಕಾಯಿಲೆ. ಮೊಳೆ ಕಿತ್ತು ತೋರಿಸಿದೆ.

"ಅಯ್ಯ, ಇದ್ಯಾವಾಗ ಹೊಕ್ಕಿತ್ತು?" ಅಂದು, ಮತ್ತೆ ಕೆಲಸಕ್ಕೆ ಬಾಗಿ ಹೆಬ್ಬೆರಳಿನಿಂದ ಚರ್ಮ ಸವರಿದ. ಕಣ್ಣು ನನ್ನ ಮೇಲಿತ್ತು. "ಇಲ್ಲೊಂದ ನೂಲಿನಷ್ಟ ದಪ್ಪ ಆಗೇತಿ ನೋಡು" ಅಂದ. ನೋಡಿದರೆ ನನಗೆ ಕಾಣಲಿಲ್ಲ, ಮುಟ್ಟಿದರೂ ಗೊತ್ತಾಗಲಿಲ್ಲ.

ಹದಿನೇಳು ವರ್ಷದ ಸಕ್ಕರೆ ಅವನ ಪಾದವನ್ನು ಪೂರ್ತಿ ಕೊಂದಿತ್ತು. ಇಷ್ಟು ಹೊತ್ತಿಗೆ ಕೈಬೆರಳುಗಳ ತುದಿಯೂ ಮಂಕಾಗಬೇಕಿತ್ತು. ಚೀಲದಿಂದ ನೈಲಾನ್ ಎಳೆ ತೆಗೆದೆ. "ಕಣ್ಣ ಮುಚ್ಚು, ಗೊತ್ತಾದ್ರ ಹೂಂ ಅನ್ನು." ಅಂಗಾಲಿಗೆ ಒತ್ತಿದೆ. ಅಪ್ಪ ಸುಮ್ಮನಿದ್ದ. ಪಾದದ ಮೇಲೆ, ಕಣಕಾಲಿಗೆ ಒತ್ತಿದೆ, ಆಗಲೂ ಸುಮ್ಮನಿದ್ದ. ಕೈಬೆರಳಿನ ತುದಿಗೆ ಒತ್ತಿದೆ. "ಹೂಂ. ಹೂಂ. ಹೂಂ. ಏ, ಕಚಗುಳಿ ಇಡಬ್ಯಾಡ."

ಅಪ್ಪ ಕುಣಿಗೆ ಇಳಿಯುತ್ತಿದ್ದದ್ದು ರಬ್ಬರ್ ಬೂಟು ಹಾಕಿಕೊಂಡು. ಮೊದಲ ಸ್ಕಾಲರ್‌ಶಿಪ್ಪು ಬಂದಾಗ ಆ ಬೂಟನ್ನು ಕೊಂಡು ಕೊಟ್ಟವಳು ನಾನು. ಕೈಗೆ ಮಾತ್ರ ಅವನು ಏನೂ ಹಾಕಿಕೊಳ್ಳುತ್ತಿರಲಿಲ್ಲ. ಕೈ ದಿನಾ ಆ ನೀರಿನಲ್ಲಿತ್ತು.

"ಅಪ್ಪಾ, ಹೊಸಾ ತೊಗಟಿ ಕುಟ್ಟಿ ನೆನಸಿದ್ರ ಅದ ನೀರ ಆಗೂದಿಲ್ಲೇನು?"

"ಹಾಲ ಇಟ್ರ ಅದರಷ್ಟಕ್ಕ ಮೊಸರ ಆಕ್ಕೈತೇನ? ಹೆಪ್ಪ ಬ್ಯಾಡ?" ಅವನು ದಾರವನ್ನು ಹಲ್ಲಿನಿಂದ ಕಡಿದ. "ಹೊಸಾ ಕುಣಿಗೆ ಹಳೇ ಕುಣಿ ನೀರ ಬಿಡಬೇಕು. ನಮ್ಮ ಕುಣಿ ನನ್ನ ಅಜ್ಜನ ಕಾಲದಾಗಿಂದ ಒಮ್ಮೆನೂ ಪೂರ್ತಿ ಬರಿದಾಗಿರಲಿಲ್ಲ. ಹೆಣ್ಣಮಗಳ ಗಂಡನ ಮನಿಗೆ ಹೋಗುವಾಗ ತವರ ಕುಣಿ ನೀರ ಮಣ್ಣಿನ ಗಡಿಗ್ಯಾಗ ಒಯ್ಯತಾಳ. ನಿಮ್ಮವ್ವ ತಂದಿದ್ಲು, ನಮ್ಮವ್ವ ತಂದಿದ್ಲು. ನಿಮ್ಮ ಚಂಪಾ ಅತ್ತಿ ಇಲ್ಲಿಂದ ಒಯ್ದಾಳ. ನಿನಗಿದೆಲ್ಲ ಯಾಕ ಗೊತ್ತಿರತೈತಿ? ನೀ ಹಿತ್ತಲಿಗೆ ಬರತಿದ್ದಿಲ್ಲಲ."

ನಾನು ಫರಸಿಯ ಮೇಲೆ ಅಂಗೈ ಊರಿ ಕೂತೆ. ಆ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದವು. ಬೇರೆ ಯಾವ ಸೂಕ್ಷ್ಮಜೀವಿಯನ್ನೂ ಬದುಕಗೊಡದ ಒಗರನ್ನೇ ತಿಂದು ಬದುಕುವುದನ್ನು ಅವು ಕಲಿತಿದ್ದವು. ತಿಂದು ಅವು ಬಿಟ್ಟ ತುಂಡೇ ನಮ್ಮ ಏಳನೆಯ ಗುಡ್ಡ. ಅಜ್ಜಿಯ ಗಡಿಗೆಯಲ್ಲಿ ಒಂದು ಊರಿನವು ಬಂದಿದ್ದವು, ಅವ್ವನ ಗಡಿಗೆಯಲ್ಲಿ ಇನ್ನೊಂದು ಊರಿನವು, ಅದಕ್ಕೂ ಹಿಂದೆ ಹೆಸರು ಕೂಡ ಉಳಿಯದ ಮದುಮಕ್ಕಳ ಗಡಿಗೆಗಳಲ್ಲಿ ಬಂದವು. ಒಂದನ್ನೊಂದು ಕೂಡಿ, ಬಲಿತು, ನೂರಾರು ವರ್ಷ ಎತ್ತಿನ ಗಾಡಿಯಲ್ಲಿ, ತಲೆಯ ಮೇಲೆ, ಸೊಂಟದ ಮೇಲೆ ಊರಿಂದೂರಿಗೆ ನಡೆದಿದ್ದವು. ಅಂಥದೊಂದು ಪ್ರಯೋಗವನ್ನು ಯಾವ ಲ್ಯಾಬೂ ಮಾಡಿರಲಾರದು. ಅದನ್ನು ಮುಚ್ಚಿಸಿದವಳು ನಾನು.

ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಮೂರು ತಿಂಗಳು ನಾವು ಏನು ಹಚ್ಚಲಿಕ್ಕತ್ತೀವಿ ಅನ್ನೂದು ನಮಗ ಗೊತ್ತಿರಲಿಲ್ಲ" ಅಂದರು ಅವರು. "ನಿಮ್ಮ ತಂದಿ ಏನು ಮಾಡ್ತಾರ ಅಂತ ನಾ ಒಮ್ಮೆನೂ ಕೇಳಿಲ್ಲ, ಕೇಳೂದೂ ಇಲ್ಲ. ಆದ್ರ ಪುಸ್ತಕದಾಗ ನೀ ಬರದದ್ದನ್ನ ನಂಬಿ ಒಬ್ಬಾಕಿ ಕಾಲು ನಮ್ಮ ಕೈಯಾಗ ಕೊಟ್ಟಾಳ. ನೀರು ತಗೊಂಡು ಬಾ. ಆಮ್ಯಾಲೆ ಕಾಶವ್ವಗ ನೀನ ಹೇಳಬೇಕು. ಆಕಿ ಒಲ್ಲೆ ಅಂದ್ರ ಅಲ್ಲಿಗೆ ಮುಗೀತು."

ಅಪ್ಪನ ಅಕ್ಕ ಚಂಪಾ ಅತ್ತಿಯ ಊರು ನಿಪ್ಪಾಣಿಯ ಆಚೆ. ಮರುದಿನ ಮಧ್ಯಾಹ್ನ ತಲುಪಿದೆ. ಅತ್ತಿ ಕುಣಿಯ ಕಟ್ಟೆಯ ಮೇಲೆ ಕೂತು ತೊಗಲಿನ ಕೂದಲು ಹೆರೆಯುತ್ತಿದ್ದಳು. ಏಳಲಿಲ್ಲ.

"ಓಹೋ, ಡಾಕ್ಟರ್ ಬಾಯಾರು! ಮಗನ ಮದವಿಗೆ ಕರದ್ರ ಪರೀಕ್ಷಾ ಅಂದಿ. ಈಗೇನ, ಪರೀಕ್ಷಾದಾಗ ನಪಾಸಾಗಿ ಬಂದ್ಯೇನ?"

"ನಪಾಸಾಗಿ ಬಂದೀನತ್ತಿ. ಕುಣಿ ನೀರ ಬೇಕಿತ್ತು."

ಅತ್ತಿಯ ಕೈಯ ಅಲಗು ನಿಂತಿತು. ಕಾಶವ್ವನ ಕಾಲಿನಿಂದ ಹಿಡಿದು ಫರಸಿಯವರೆಗೆ ಹೇಳಿದೆ. ಫರಸಿಯ ಮಾತಿಗೆ ಅವಳು ತಮ್ಮನನ್ನು ಬೈದಳು, ಆಮೇಲೆ ನನ್ನನ್ನು.

"ನೀರ ಕೇಳಿದ್ರ ತುಂಬಿ ಕೊಡೂ ಪದ್ಧತಿ ಇಲ್ಲ. ಒಯ್ಯಾಕಿ ತಾನ ಇಳದ ತುಂಬ್ಕೊಬೇಕು. ನಾನೂ ಹಂಗ ತುಂಬ್ಕೊಂಡ ಬಂದೀನಿ."

ಕ್ಯಾನು ಹಿಡಿದು ಕುಣಿಗೆ ಇಳಿದೆ, ಬರಿಗಾಲಿನಲ್ಲಿ. ನೀರು ತೊಡೆಯವರೆಗೆ ಬಂತು, ಬೆಚ್ಚಗಿತ್ತು. ಹೊರಗೆ ನೆರಳು ತಂಪಾಗಿದ್ದರೂ ಅದು ಬೆಚ್ಚಗಿತ್ತು. ಒಳಗೆ ಕೋಟ್ಯಂತರ ಜೀವ ದುಡಿಯುತ್ತಿರುವ ನೀರು ಅದು. ನಾತ ತಡೆಯದೆ ಬಾಯಿಂದಲೇ ಉಸಿರಾಡಿದೆ; ಸುಳ್ಳು ಹೇಳಲಾರೆ. ತುಂಬಿಕೊಂಡು ಮೇಲೆ ಬಂದೆ.

ಬಸ್ಸಿನಲ್ಲಿ ಕಂಡಕ್ಟರು ನನ್ನ ಸಾಲಿಗೆ ಬಂದು ಮುಖ ಸಿಂಡರಿಸಿದ. "ಏನ್ರೀ ಅಕ್ಕಾರ ಇದು, ಕ್ಯಾನಿನಾಗ?"

"ತೊಗಲ ಹದಾ ಮಾಡೂ ನೀರ್ರೀ. ನಮ್ಮನಿದು."

ಪಕ್ಕದವರು ಎದ್ದು ಹಿಂದೆ ಹೋದರು. ಇಬ್ಬರು ಕೂರುವ ಸೀಟಿನಲ್ಲಿ ನಾನು ಮತ್ತು ಕ್ಯಾನು ಧಾರವಾಡದವರೆಗೆ ಆರಾಮಾಗಿ ಬಂದೆವು.

ಲ್ಯಾಬಿನಲ್ಲಿ ನಕ್ಷೆಯ ಗೆರೆ ಪರದೆಯ ಮೇಲೆ ನಿಧಾನವಾಗಿ ಎಳೆದುಕೊಳ್ಳುತ್ತ ಹೋಯಿತು. ಐದನೆಯ ಗುಡ್ಡ, ಆರನೆಯದು. ಮೇಡಂ ನನ್ನ ತೋಳು ಹಿಡಿದಿದ್ದರು, ಅದು ಅವರಿಗೆ ಗೊತ್ತಿತ್ತೋ ಇಲ್ಲವೋ. ಏಳನೆಯದು ಎದ್ದಿತು. ಹಳೆಯ ಕ್ಯಾನಿನದರ ಎರಡರಷ್ಟು ಎತ್ತರ. ಅತ್ತಿ ಒಯ್ದದ್ದಕ್ಕೆ ಅವಳ ಅತ್ತೆಯ ಗಡಿಗೆಯದೂ ಕೂಡಿತ್ತಲ್ಲ.

ಸೋಸಿ, ಪರೀಕ್ಷಿಸಿ, ಮುಲಾಮು ಕೈಗೆ ಬರುವಾಗ ಆರು ದಿನ ಕಳೆದಿತ್ತು. ಉಳಿದದ್ದು ಒಂಬತ್ತು ದಿನ, ಎಂಟು ಮಿಲಿಮೀಟರ್.

ವಾರ್ಡಿನಲ್ಲಿ ಕಾಶವ್ವನ ಮಂಚದ ಅಂಚಿಗೆ ಕೂತು ಹೇಳಿದೆ. ಕುಣಿ, ತೊಗಲು, ಕೂದಲು, ಪುಸ್ತಕದಲ್ಲಿ ಬರೆದ ಸುಳ್ಳು, ಒಂದನ್ನೂ ಬಿಡಲಿಲ್ಲ. ಮೊದಲ ಮುಲಾಮೂ ಅದೇ ಆಗಿತ್ತು ಅಂದಾಗ ಅವಳು ಕಾಲು ಎಳೆದುಕೊಂಡು ಸೀರೆ ಮುಚ್ಚಿದಳು. ಅವಳು ಮಾಂಸದ ಪಾತ್ರೆ ಮುಟ್ಟಿದವಳಲ್ಲ. ಗೋಡೆಯ ಕಡೆ ತಿರುಗಿದಳು. ನಾನು ಏಳಲಿಲ್ಲ. ಪಕ್ಕದ ಮಂಚದವರ ಊಟ ಬಂದು, ಅವರು ಉಂಡು, ತಟ್ಟೆ ಹೋಯಿತು.

"ಏಳ ವರ್ಷ ನನ್ನ ರೊಟ್ಟಿ ತಿಂದಿ" ಅಂದಳು, ಗೋಡೆಗೇ. "ಏನ ಹಾಕಿ ಬಡದಿ ಅಂತ ಒಂದಿನಾರ ಕೇಳಿದ್ಯೇನ?"

"ಇಲ್ಲ."

"ಮೊದಲ ಹೇಳಬೇಕಿತ್ತು ನೀ."

"ಹೇಳಿದ್ರ ಹಚ್ಚಿಸ್ಕೊತಿದ್ದಿ?"

"ಇಲ್ಲ." ಅವಳೂ ಸುಳ್ಳು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಸೀರೆಯ ಕೆಳಗಿನಿಂದ ಪಾದ ಹೊರಬಂತು. "ಹಚ್ಚು. ಕೈ ತೊಳ್ಕೊಂಡೀ ಇಲ್ಲೋ?"

"ಎರಡ ಸಲ."

ಅವಳಿಗೆ ನೆನಪಾಯಿತೋ ಏನೋ. ನಗಲಿಲ್ಲ.

ಮೊದಲ ಎರಡು ದಿನ ಪರದೆಯ ಮೇಲೆ ಎಳೆ ಸತ್ತ ಹಾಗೆ ಬಿದ್ದಿತ್ತು. ಏಳೇ ದಿನ ಉಳಿದವು. ದಾರಿ ಎಂಟು ಮಿಲಿಮೀಟರ್. ಮೂರನೆಯ ದಿನ ತುದಿಯಲ್ಲೊಂದು ಮೊಗ್ಗು ಉಬ್ಬಿತು. ನಾಲ್ಕನೆಯ ದಿನ ಅದು ಒಡೆದು, ಮೊದಲಿಗಿಂತ ಎರಡರಷ್ಟು ವೇಗದಲ್ಲಿ, ಹುಡುಕಲು ಹೊರಟಿತು. ನಾನು ನೈಲಾನ್ ಎಳೆ ಮುಟ್ಟಲಿಲ್ಲ. ಪರೀಕ್ಷೆ ಮಾಡುವ ಕೆಲಸದಿಂದ ಮೇಡಂ ನನ್ನನ್ನು ತೆಗೆದಿದ್ದರು, ತೆಗೆಯಬೇಕಾದದ್ದೇ. ಪ್ರಬಂಧದಲ್ಲಿ ನನ್ನ ಹೆಸರು ಇರುವುದಿಲ್ಲ ಅಂತಲೂ ಹೇಳಿದ್ದರು. ಪುಸ್ತಕದ ಹಳೆಯ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ತಿದ್ದಿ ಬರೆಯಲು ಮಾತ್ರ ಬಿಟ್ಟರು. ಮಹಾದೇವನ ಕುಣಿ, ಚಂಪಾಬಾಯಿಯ ಕುಣಿ, ನೀರು ತಂದ ಹೆಂಗಸರಲ್ಲಿ ಅಪ್ಪನಿಗೆ ನೆನಪಿದ್ದ ಐದು ಹೆಸರು ಬರೆದೆ.

ಹದಿನೈದನೆಯ ದಿನ ಸೋಮವಾರ. ಡಾಕ್ಟರು ಸೂಜಿ ತೆಗೆದುಕೊಂಡರು. ಕಾಶವ್ವನ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಗಾಯದ ಹೊರ ಅಂಚಿಗೆ ಚುಚ್ಚಿದರು. ಅವಳು ಸುಮ್ಮನಿದ್ದಳು. ಬೆರಳಿನ ಕಡೆಯ ಅಂಚಿಗೆ ಚುಚ್ಚಿದರು. ಸುಮ್ಮನಿದ್ದಳು. ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. ಹಿಮ್ಮಡಿಯ ಕಡೆಯ ಅಂಚಿಗೆ ಚುಚ್ಚಿದರು.

"ಏ ನಿನ್ನ ಹೆಣಾ ಎತ್ತಲಿ, ಕೊಲ್ಲತೀಯೇನೋ!"

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಕಾಶವ್ವ ಬಟ್ಟೆ ಕಿತ್ತೆಸೆದು, ಬಾಯಿ ತೆರೆದುಕೊಂಡು ತನ್ನ ಪಾದವನ್ನೇ ನೋಡುತ್ತಿದ್ದಳು. ಒಂದು ಹನಿ ರಕ್ತ ಬಂದಿತ್ತು. ಎರಡು ವರ್ಷ ಯಾರದೋ ಆಗಿದ್ದ ಜಾಗದಲ್ಲಿ ನೋವಿತ್ತು.

"ಅಲ್ಲೇ ಇನ್ನೊಮ್ಮೆ ಚುಚ್ರಿ" ಅಂದಳು ಮೆಲ್ಲಗೆ.

ಡಾಕ್ಟರು ಚುಚ್ಚಿದರು. ಅವಳು ತುಟಿ ಕಚ್ಚಿಕೊಂಡು ಕಣ್ಣು ಮುಚ್ಚಿದಳು. "ಹೂಂ."

"ಕಿರುಬೆರಳು ಹೋಗ್ತದ" ಅಂದರು ಡಾಕ್ಟರು. "ಕಾಲು ಉಳೀತು."

ಮೇಡಂ ನೀಲಿ ಪೆನ್ನು ತೆರೆದು, ಒಂದು ಕ್ಷಣ ತಡೆದು, ನನ್ನ ಕೈಗೆ ಕೊಟ್ಟರು. ನಾನು ಬಗ್ಗುವ ಮುಂಚೆ ಕಾಶವ್ವ ಅದನ್ನು ಕಸಿದುಕೊಂಡಳು. ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು, ರಕ್ತದ ಚುಕ್ಕೆ ದಾಟಿ, ಒತ್ತಿ ಒತ್ತಿ ಗೆರೆ ಎಳೆದಳು. ಎಳೆಯುವಾಗ ಪೆನ್ನಿನ ಮೊನೆ ತಾಕಿದಲ್ಲೆಲ್ಲ ಅವಳ ಹುಬ್ಬು ಹಾರುತ್ತಿತ್ತು.

"ಸೊಟ್ಟ ಆತೇನು?"

"ಆತು."

"ಇರಲಿ ಬಿಡು" ಅಂದಳು. "ನಂದ ಕಾಲ."